ಜಲ ಮತ್ತು ಪರಿಸರ ವಿಜ್ಞಾನ: ಪದವಿಯ ನಂತರ ಸಂಶೋಧನೆಯ ದಾರಿ



ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ, ಟ್ರಸ್ಟಿಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳನ್ನು ಓದಿ ಸಮಿತಿಗೆ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅರ್ಜಿಯಲ್ಲಿ ‘ಮುಂದೆ ಏನು ಓದಬೇಕೆಂದಿದ್ದೀರಿ’ ಎಂಬ ಒಂದು ಕಾಲಂ ಇದೆ. ಅಲ್ಲಿ ಎಂಬಿಬಿಎಸ್, ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಎಂದು ತುಂಬಿರುತ್ತದೆ. ಬಿ.ಎಸ್ಸಿ. ಓದುತ್ತಿರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಹುಪಾಲು ‘ಬಿ.ಎಡ್.’ ಎಂದು ಬರೆಯುತ್ತಾರೆ. ನಾನೂ ಬಿ.ಎಡ್. ಮಾಡಿದವಳೇ. ಆ ಪದವಿ ನನಗೆ ಅನ್ನ ಕೊಟ್ಟಿದೆ, ಅದನ್ನು ಕೀಳಾಗಿ ಕಾಣುವುದಿಲ್ಲ. ಆದರೆ ‘ಸಂಶೋಧನೆ’ ಎಂಬ ಪದ ಆ ಕಾಲಂನಲ್ಲಿ ಕಾಣುವುದೇ ಇಲ್ಲ ಎಂದರೆ, ಆ ದಾರಿಯ ಸುದ್ದಿ ನಮ್ಮ ಮನೆಗಳಿಗೆ ತಲುಪಿಲ್ಲ ಎಂದೇ ಅರ್ಥ. ಈ ವರ್ಷದ ವರದಿಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಒಂದೇ ಕ್ಷೇತ್ರವನ್ನು ಹಿಡಿದು ಬರೆಯೋಣ ಎಂದುಕೊಂಡೆ. ನೀರಿನ ವಿಜ್ಞಾನವನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

1990ರ ದಶಕದ ಕೊನೆಯ ಮಾತು. ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಬ್ಬಾ ಮೊಹಲ್ಲಾದ ಮಸೀದಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಮಾರ್ಚ್ ತಿಂಗಳು, ಬಿಸಿಲು ಏರಿತ್ತು. ವುಜೂ ಮಾಡುವ ಹೌಜನ್ನು ತೊಳೆಯುವುದು ತಡವಾಗಿ ನೀರು ಹಸಿರು ಬಣ್ಣಕ್ಕೆ ತಿರುಗಿತ್ತು. ಒಂದು ದಿನ ಫಜರ್ ನಮಾಜಿಗೆ ಹೋದವರು ನೋಡಿದರೆ ಹೌಜಿನಲ್ಲಿ ಬಿಟ್ಟಿದ್ದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿವೆ. ಬಿಸಿಲಿಗೆ ಸತ್ತಿರಬೇಕು ಎಂದು ಹಿರಿಯರು ಅಂದರಂತೆ. ಹುಡುಗಿ ಒಂದು ಬಾಟಲಿಯಲ್ಲಿ ಆ ಹಸಿರು ನೀರನ್ನು ತುಂಬಿಕೊಂಡು ಶಾಲೆಗೆ ಬಂದಳು. “ಮಿಸ್, ಬಿಸಿಲಿಗೆ ಸತ್ತಿದ್ದರೆ ಮಧ್ಯಾಹ್ನ ಸಾಯಬೇಕಿತ್ತಲ್ಲ? ತಣ್ಣಗಿರೋ ಬೆಳಗಿನ ಜಾವ ಯಾಕೆ ಸತ್ತವು?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಅಂದು ಇರಲಿಲ್ಲ. “ಯಾರೋ ಏನೋ ನೀರಿಗೆ ಹಾಕಿರಬೇಕಮ್ಮ, ಕೂತ್ಕೋ” ಎಂದುಬಿಟ್ಟೆ.

ಅವಳ ಪ್ರಶ್ನೆಗೆ ಉತ್ತರ ಎಂಟನೇ ತರಗತಿಯ ಪಠ್ಯದಲ್ಲೇ ಅರ್ಧ ಇತ್ತು. ನೀರು ಹಸಿರಾಗುವುದು ಅದರೊಳಗೆ ಬೆಳೆಯುವ ಸೂಕ್ಷ್ಮ ಪಾಚಿಯಿಂದ. ಹಗಲು ಬಿಸಿಲಿದ್ದಾಗ ಪಾಚಿ ದ್ಯುತಿಸಂಶ್ಲೇಷಣೆ ಮಾಡಿ ನೀರಿಗೆ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಥ ನೀರಿನಲ್ಲಿ ಆಮ್ಲಜನಕ ಯಥೇಚ್ಛ. ಸೂರ್ಯ ಮುಳುಗಿದ ಮೇಲೆ ಬಿಡುವುದು ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಮೀನು, ಪಾಚಿ, ತಳದ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಅದೇ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ, ಅಂದರೆ ಸರಿಯಾಗಿ ಫಜರ್ ಹೊತ್ತಿಗೆ, ಅದು ತೀರಾ ಕಡಿಮೆಯಾಗಿರುತ್ತದೆ. ಮೀನು ವಿಷದಿಂದ ಸತ್ತಿರಲಿಲ್ಲ, ಉಸಿರು ಕಟ್ಟಿ ಸತ್ತಿತ್ತು.

ನೀರಿನಲ್ಲಿ ಆಮ್ಲಜನಕ ಎಷ್ಟು ಕಡಿಮೆ ಎಂಬುದನ್ನು ಮಕ್ಕಳು ಅಂಕಿಯಲ್ಲೇ ತಿಳಿದರೆ ಒಳ್ಳೆಯದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಉಷ್ಣಾಂಶದ ಒಂದು ಲೀಟರ್ ಸಿಹಿನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಜಲಚರಗಳು ಬದುಕಿ ಮೀನುಗಾರಿಕೆ ನಡೆಯಬೇಕಾದರೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಮೀನಿನ ಬದುಕು ಅಷ್ಟು ಸಣ್ಣ ಅಂತರದಲ್ಲಿ ನಡೆಯುತ್ತದೆ.

ಇದನ್ನು ಅಳೆಯುವ ವಿಧಾನವನ್ನು ಹಂಗೇರಿಯ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ 1888ರಲ್ಲಿ ಪ್ರಕಟಿಸಿದ. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಅದು ಬಳಕೆಯಲ್ಲಿದೆ. ಗಾಳಿಗುಳ್ಳೆ ಇಲ್ಲದಂತೆ ಬಾಟಲಿಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣ ಹಾಕಿದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ. ಆಮ್ಲ ಹಾಕಿ ಕರಗಿಸಿ, ಪಿಷ್ಟ ಸೇರಿಸಿ, ಥಯೋಸಲ್ಫೇಟ್‌ನಿಂದ ಟೈಟ್ರೇಷನ್ ಮಾಡಬೇಕು. ನೀಲಿ ಬಣ್ಣ ಹೋದ ಹನಿಯ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಪಿಯುಸಿಯಲ್ಲಿ ಬ್ಯುರೆಟ್ ಹಿಡಿದ ಯಾವ ಮಗುವೂ ಇದನ್ನು ಕಲಿಯಬಹುದು. ಇಷ್ಟೆಲ್ಲ ಏಕೆ ಬರೆದೆ ಎಂದರೆ, ‘ಸಂಶೋಧನೆ’ ಎಂದ ಕೂಡಲೇ ನಮ್ಮವರು ಅದು ಯಾವುದೋ ಮೇಧಾವಿಗಳ ಕೆಲಸ ಎಂದು ಹಿಂದೆ ಸರಿಯುತ್ತಾರೆ. ಆ ಹುಡುಗಿ ಬಾಟಲಿ ಹಿಡಿದು ನಿಂತಾಗಲೇ ಸಂಶೋಧನೆಯ ಮೊದಲ ಹೆಜ್ಜೆ ಇಟ್ಟಿದ್ದಳು. ಅವಳು ಸಾವಿನ ಹೊತ್ತನ್ನು ಗಮನಿಸಿದ್ದಳು, ದೊಡ್ಡವರ ಕಾರಣ ಅದಕ್ಕೆ ಹೊಂದುವುದಿಲ್ಲ ಎಂದು ಕಂಡಿದ್ದಳು.

ಹೌಜಿನಲ್ಲಿ ನಡೆದದ್ದೇ ನಮ್ಮೂರಿನ ಕೆರೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಎಂದರೆ ಬೆಳಗಿನ ವಾಕಿಂಗ್. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ಅದರ ಪಕ್ಕದಲ್ಲೇ ಮಾನಸಗಂಗೋತ್ರಿ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳು. ಇನ್ನು ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆ, ದಳವಾಯಿ ಕೆರೆ ಇವೆ. ಊರು ಬೆಳೆದಂತೆ ಮನೆಗಳ ಚರಂಡಿ ನೀರು ಕೆರೆಗೆ ಸೇರುತ್ತದೆ. ಅದರಲ್ಲಿ ಸಾಬೂನು, ಮಲಮೂತ್ರ, ಅಡುಗೆಮನೆಯ ಕೊಳೆ ಎಲ್ಲ ಇರುತ್ತದೆ. ಅದರಲ್ಲಿರುವ ರಂಜಕ ಮತ್ತು ಸಾರಜನಕ ಪಾಚಿಗೆ ಗೊಬ್ಬರ. ಹೊಲಕ್ಕೆ ಹಾಕಿದರೆ ಬೆಳೆ ಬರುವ ಹಾಗೆ ಕೆರೆಗೆ ಬಿದ್ದರೆ ಪಾಚಿ ಬರುತ್ತದೆ. ಎಲ್ಲಿಂದ ಎಷ್ಟು ರಂಜಕ ಬರುತ್ತಿದೆ, ಯಾವ ತಿಂಗಳು, ಒಂದು ಚರಂಡಿಯನ್ನು ತಿರುಗಿಸಿದ ಮೇಲೆ ಕೆರೆ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು, ತಳದ ಹೂಳಿನಲ್ಲಿ ಕೂತಿರುವುದು ಮತ್ತೆ ಮೇಲೇಳುತ್ತದೆಯೇ, ಇವುಗಳಿಗೆ ಉತ್ತರ ಯಾರಾದರೂ ವರ್ಷಗಟ್ಟಲೆ ಕೂತು ಅಳೆದರೆ ಮಾತ್ರ ಸಿಗುವುದು. ಅಳೆಯುವವರನ್ನೇ ಸಂಶೋಧಕರು ಎನ್ನುವುದು.

ಇನ್ನೊಂದು ಉದಾಹರಣೆ ನಮ್ಮ ನದಿಯದ್ದೇ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ದೊಡ್ಡ ಮೀನು ಇದೆ. 1946ರಲ್ಲಿ ಮೈಸೂರಿನ ಪ್ರಸಿದ್ಧ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು 54 ಕೆ.ಜಿ. ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಎಂಬುದು ಇತ್ಯರ್ಥವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂದು ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿತು. ಹೆಸರು ತಿಳಿಯುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು. ಕೆಲಸ ಮಾಡಲು ಜನ ಕಡಿಮೆ ಇದ್ದರೆ ಹೀಗೆ ಆಗುತ್ತದೆ.

ನಮ್ಮ ಸಮುದಾಯದಿಂದ ಈ ದಾರಿಯಲ್ಲಿ ಯಾರೂ ಹೋಗಿಲ್ಲ ಎಂದು ತಿಳಿಯಬೇಡಿ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಹೆಸರು ಎಲ್ಲರಿಗೂ ಗೊತ್ತು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ಅದಕ್ಕಿಂತ ಕಡಿಮೆ ಪರಿಚಿತ ಹೆಸರು ಸೈಯದ್ ಜಹೂರ್ ಖಾಸಿಂ ಅವರದ್ದು. 1926ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದವರು. ಅಲೀಗಢದಲ್ಲಿ ಪ್ರಾಣಿಶಾಸ್ತ್ರ ಓದಿ, 1956ರಲ್ಲಿ ವೇಲ್ಸ್‌ನಲ್ಲಿ ಪಿಎಚ್.ಡಿ. ಪಡೆದರು. ಅವರ ಅಧ್ಯಯನದ ವಿಷಯ ಕಡಲತೀರದ ಬಂಡೆಗಳ ನಡುವೆ ಬದುಕುವ ಸಣ್ಣ ಸಣ್ಣ ಮೀನುಗಳು. ಹಿಂತಿರುಗಿ ಬಂದು ಕೊಚ್ಚಿಯ ಹಿನ್ನೀರಿನಲ್ಲಿ ಕೆಲಸ ಮಾಡಿದರು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟು 1982ರ ಜನವರಿ 9ರಂದು ಹಿಮಖಂಡದ ಮೇಲೆ ಇಳಿದಾಗ 21 ಜನರ ಆ ತಂಡದ ನಾಯಕ ಇವರೇ. ಮುಂದೆ ಜಾಮಿಯಾ ಮಿಲ್ಲಿಯಾದ ಕುಲಪತಿಗಳೂ ಆದರು. ಮನೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳಿ. ಆಟಗಾರರ, ನಟರ ಹೆಸರು ಅವರಿಗೆ ನಾವು ಹೇಳದೆಯೇ ಗೊತ್ತಾಗುತ್ತದೆ.

ಈಗ ದಾರಿಯ ವಿವರಕ್ಕೆ ಬರೋಣ. ಪೋಷಕರು ಈ ಭಾಗವನ್ನು ಮಕ್ಕಳ ಜೊತೆ ಕೂತು ಓದಿದರೆ ಒಳ್ಳೆಯದು.

ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಇಲ್ಲಿ ಎರಡು ಬಾಗಿಲು. ಒಂದು, ನಾಲ್ಕು ವರ್ಷದ ಬಿ.ಎಫ್‌.ಎಸ್ಸಿ., ಅಂದರೆ ಮೀನುಗಾರಿಕೆ ವಿಜ್ಞಾನದ ಪದವಿ. ಇದಕ್ಕೆ ಸಿಇಟಿ ಮೂಲಕ ಪ್ರವೇಶ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು, ಇಡೀ ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಮುಂದೆ ಎಂ.ಎಫ್‌.ಎಸ್ಸಿ. ಮಾಡಬೇಕಾದರೆ ಸಾಮಾನ್ಯವಾಗಿ ಈ ಪದವಿಯೇ ಬೇಕು. ಸಾಧಾರಣ ಬಿ.ಎಸ್ಸಿ. ಮುಗಿಸಿದ ಮೇಲೆ ಇದಕ್ಕೆ ಹಾರಲು ಆಗುವುದಿಲ್ಲ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗಳಿಗೂ ಇದೇ ಓದು ಬೇಕಾಗುತ್ತದೆ. ನೀಟ್‌ನಲ್ಲಿ ಸೀಟು ಸಿಗದೆ ಮನೆಯಲ್ಲಿ ದುಃಖ ಕಟ್ಟಿಕೊಂಡು ಕೂತ ಎಷ್ಟೋ ಮಕ್ಕಳಿಗೆ ಸಿಇಟಿಯ ಪಟ್ಟಿಯಲ್ಲಿ ಇಂಥದೊಂದು ಪದವಿ ಇದೆ ಎಂದೇ ಗೊತ್ತಿರುವುದಿಲ್ಲ.

ಎರಡನೆಯ ಬಾಗಿಲು ಬಿ.ಎಸ್ಸಿ. ಯುವರಾಜ ಕಾಲೇಜು, ಮಹಾರಾಣಿ ವಿಜ್ಞಾನ ಕಾಲೇಜು ಮುಂತಾದ ಕಡೆ ಓದುತ್ತಿರುವ ನಮ್ಮ ಮಕ್ಕಳಿಗೆ ಇದೇ ಹತ್ತಿರ. ನನ್ನ ಒಂದೇ ಕಿವಿಮಾತು: ರಸಾಯನಶಾಸ್ತ್ರವನ್ನು ಬಿಡಬೇಡಿ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಯಾವುದೇ ಇರಲಿ, ಜೊತೆಗೆ ರಸಾಯನಶಾಸ್ತ್ರ ಇದ್ದರೆ ನೀರಿನ ಕೆಲಸಕ್ಕೆ ಎರಡು ಕೈ ಬಂದಂತೆ. ಸಂಖ್ಯಾಶಾಸ್ತ್ರವನ್ನೂ ಸ್ವಲ್ಪ ಕಲಿಯಿರಿ. ಹುಡುಗಿಯರು ಇದಕ್ಕೆ ಹೆದರುವುದನ್ನು ನೋಡಿದ್ದೇನೆ, ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ.

ಎಂ.ಎಸ್ಸಿ.ಗೆ ಮನೆಯಲ್ಲೇ ಇದ್ದು ಓದಬೇಕೆನ್ನುವವರಿಗೆ ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನ, ಪ್ರಾಣಿಶಾಸ್ತ್ರ ವಿಭಾಗಗಳಿವೆ. ಬಸ್ಸಿನಲ್ಲಿ ಹೋಗಿ ಸಂಜೆ ಬರಬಹುದು. ಹೊರಗೆ ಕಳಿಸಲು ಸಿದ್ಧರಿರುವ ಮನೆಗಳಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ನಮ್ಮ ರಾಜ್ಯದಲ್ಲೇ ಸಮುದ್ರದ ದಂಡೆಯಲ್ಲಿ ಕೂತು ಕಲಿಸುವ ವಿಭಾಗ ಅದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ, ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇವೆಲ್ಲವೂ ಒಂದು ರಾತ್ರಿಯ ಪ್ರಯಾಣದೊಳಗೆ ಇವೆ. ಎಂಜಿನಿಯರಿಂಗ್ ಓದಿದವರಿಗೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಅರ್ಜಿ ಹಾಕುವ ದಿನಗಳು ನಮ್ಮ ಪದವಿ ಪರೀಕ್ಷೆಗೆ ಮೊದಲೇ ಮುಗಿದುಹೋಗಬಹುದು. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಆ ವರ್ಷ ಹೋದಂತೆಯೇ.

ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ. ಇಲ್ಲಿ ನಮ್ಮ ಮನೆಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. “ಇನ್ನೂ ಐದು ವರ್ಷ ಓದಿಸಬೇಕಾ ಆಪಾ, ಎಲ್ಲಿಂದ ತರೋದು?” ಎಂದು ತಾಯಂದಿರು ಕೇಳುತ್ತಾರೆ. ವಿಜ್ಞಾನದಲ್ಲಿ ಪಿಎಚ್.ಡಿ. ಎಂದರೆ ಫೀಸು ಕಟ್ಟಿ ಓದುವುದು ಎಂದೇ ಅಲ್ಲ. ತಿಂಗಳ ಹಣ ಪಡೆದು ಕೆಲಸ ಮಾಡುವ ದಾರಿ ಇದೆ. ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕಿದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸ ತೃಪ್ತಿಕರವಾಗಿದ್ದರೆ 42,000. ಮನೆ ಬಾಡಿಗೆ ಭತ್ಯೆಯೂ ಸಂಶೋಧನೆಯ ಸಣ್ಣಪುಟ್ಟ ಖರ್ಚಿಗೆ ವಾರ್ಷಿಕ ಅನುದಾನವೂ ಬೇರೆ. ಒಟ್ಟು ಐದು ವರ್ಷದವರೆಗೆ ಸಿಗಬಹುದು. ನಮ್ಮ ಎಷ್ಟು ಮನೆಗಳಲ್ಲಿ ಇಬ್ಬರು ದುಡಿದರೂ ಇಷ್ಟು ಬರುವುದಿಲ್ಲ ಎಂಬುದು ಅರ್ಜಿ ಓದುವ ನನಗೆ ಗೊತ್ತು.

ಇದಕ್ಕಾಗಿ ಬರೆಯಬೇಕಾದದ್ದು ನೆಟ್ ಪರೀಕ್ಷೆ. ಎರಡು ಬಗೆಯದ್ದಿದೆ, ಮಕ್ಕಳು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಸಿಎಸ್‌ಐಆರ್ ನೆಟ್‌ನಲ್ಲಿ ಐದೇ ವಿಷಯಗಳು. ಪರಿಸರ ವಿಜ್ಞಾನ ಎಂಬ ಹೆಸರು ಅಲ್ಲಿ ಇಲ್ಲ. ಪ್ರಾಣಿಶಾಸ್ತ್ರ, ಕಡಲ ಜೀವಶಾಸ್ತ್ರ ಓದಿದವರು ಅಲ್ಲಿ ‘ಜೀವ ವಿಜ್ಞಾನ’ ಬರೆಯಬೇಕು. ಸಾಗರ, ಭೂವಿಜ್ಞಾನದ ಕಡೆಯವರಿಗೆ ‘ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನ’ ಇದೆ. ‘ಪರಿಸರ ವಿಜ್ಞಾನ’ ಎಂಬ ವಿಷಯ ಇರುವುದು ಯುಜಿಸಿ ನೆಟ್‌ನಲ್ಲಿ. ಎರಡನ್ನೂ ಬರೆಯಲು ಯಾವ ಅಡ್ಡಿಯೂ ಇಲ್ಲ. 2024ರಿಂದ ಈ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುತ್ತಿದ್ದಾರೆ. ಹಾಗಾಗಿ ಜೆಆರ್‌ಎಫ್ ತಪ್ಪಿದರೂ ಪರೀಕ್ಷೆ ವ್ಯರ್ಥವಲ್ಲ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪತ್ರಿಕೆ ಬಂದಿದೆ. ನಮ್ಮ ರಾಜ್ಯದ ಕೆ-ಸೆಟ್ ಮಾತ್ರ ಬೇರೆ. ಅದು ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ.

ಜಾತಿ ಪ್ರಮಾಣಪತ್ರದ ಬಗ್ಗೆ ಒಂದು ಎಚ್ಚರಿಕೆ. ರಾಜ್ಯದ 2ಬಿ ಪ್ರಮಾಣಪತ್ರ ಕೇಂದ್ರದ ಪರೀಕ್ಷೆಗಳಿಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆ ನಮೂನೆಯದ್ದು. ಕೇಂದ್ರದ ಪಟ್ಟಿಯಲ್ಲಿ ನಮ್ಮ ಎಲ್ಲ ಪಂಗಡಗಳೂ ಇಲ್ಲ. ಇರುವವರು ಆ ನಮೂನೆಯಲ್ಲಿ ಮಾಡಿಸಿಕೊಳ್ಳಬೇಕು; ಇಲ್ಲದವರು ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿಯ ಕೊನೆಯ ದಿನ ಈ ಓಡಾಟ ಆಗುವುದಿಲ್ಲ.

ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸಂಶೋಧಕರಿಗೆ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಬಗ್ಗೆ ಈಗಲೂ ಕೇಳುತ್ತಾರೆ. 2009ರಲ್ಲಿ ಆರಂಭವಾದ ಆ ಯೋಜನೆಯನ್ನು 2022-23ರಿಂದ ನಿಲ್ಲಿಸಲಾಗಿದೆ. ಹೊಸಬರಿಗೆ ಅದು ಇಲ್ಲ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ಅದರ ಮೊತ್ತ ವರ್ಷದಿಂದ ವರ್ಷಕ್ಕೆ ಏರಿಳಿದಿದೆ, ಆಯಾ ವರ್ಷದ ಪ್ರಕಟಣೆ ನೋಡಿಯೇ ಲೆಕ್ಕ ಹಾಕಬೇಕು. ಇನ್ನು ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಚಿನ್ನದ ಪದಕ ತಂದು ಷೋಕೇಸಿನಲ್ಲಿಟ್ಟು ಸುಮ್ಮನಾದರೆ ಆ ಅವಕಾಶ ತಾನಾಗಿ ಮನೆಗೆ ಬರುವುದಿಲ್ಲ.

ಜೆಆರ್‌ಎಫ್ ಸಿಗದವರಿಗೂ ಒಂದು ಒಳದಾರಿ ಇದೆ. ಪ್ರಾಧ್ಯಾಪಕರಿಗೆ, ಸಂಸ್ಥೆಗಳಿಗೆ ಸರ್ಕಾರದಿಂದ ಸಂಶೋಧನಾ ಯೋಜನೆಗಳು ಮಂಜೂರಾಗುತ್ತವೆ. ಪ್ರತಿ ಯೋಜನೆಗೂ ಸಹಾಯಕರು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ, ಏಟ್ರೀ ಸಂಸ್ಥೆ, ಗೋವಾದ ಸಾಗರ ವಿಜ್ಞಾನ ಸಂಸ್ಥೆ, ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇಂಥವುಗಳ ಪ್ರಕಟಣೆಗಳನ್ನು ನೋಡುತ್ತಿರಬೇಕು. ಪದವಿ ಓದುವಾಗಲೇ ಪ್ರಯೋಗಾಲಯದ ಪರಿಚಯ ಆಗಬೇಕೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಂದಿಗೆ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಭತ್ಯೆ ಅವರೇ ಕೊಡುತ್ತಾರೆ. ಹತ್ತು ಸರ್ಟಿಫಿಕೇಟ್ ಕೋರ್ಸಿಗಿಂತ ಈ ಎರಡು ತಿಂಗಳು ಮೇಲು.

ವಿದೇಶದ ಬಗ್ಗೆ ಸ್ವಲ್ಪ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ವಿಶ್ವವಿದ್ಯಾಲಯದ ಪಕ್ಕದಲ್ಲೇ ಮೆಂಡೋಟಾ ಎಂಬ ಸರೋವರ ಇದೆ, ನಮ್ಮ ಮಾನಸಗಂಗೋತ್ರಿಯ ಪಕ್ಕ ಕುಕ್ಕರಹಳ್ಳಿ ಇರುವ ಹಾಗೆ. ಹತ್ತೊಂಬತ್ತನೆಯ ಶತಮಾನದಿಂದ ಅಳೆಯುತ್ತಾ ಬಂದು, ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನವಾದ ಸರೋವರಗಳಲ್ಲಿ ಅದು ಒಂದಾಗಿದೆ. ಅಂಥ ಕಡೆ ವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಅಸಿಸ್ಟೆಂಟ್‌ಶಿಪ್ ಸಿಗುತ್ತದೆ. ಪ್ರಯೋಗಾಲಯದಲ್ಲಿ ಪಾಠಕ್ಕೋ ಸಂಶೋಧನೆಗೋ ನೆರವಾದರೆ ಫೀಸು ಮಾಫಿ, ತಿಂಗಳ ಹಣ. ಎಂ.ಎಸ್ಸಿ. ಮಟ್ಟದಲ್ಲಿ ಹೀಗೆ ಸಿಗುವುದು ಕಷ್ಟ. ಮನೆ ಅಡವಿಟ್ಟು ವಿದೇಶದ ಎಂ.ಎಸ್ಸಿ.ಗೆ ಕಳಿಸಿ ಎಂದು ಏಜೆಂಟರು ಹೇಳಿದರೆ, ಸಹಿ ಹಾಕುವ ಮೊದಲು ಟ್ರಸ್ಟಿನಲ್ಲಿ ಒಬ್ಬರನ್ನು ಕೇಳಿ.

ಕಷ್ಟಗಳನ್ನು ಮುಚ್ಚಿಟ್ಟರೆ ನಾನು ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಜೆಆರ್‌ಎಫ್‌ಗೆ ಪೈಪೋಟಿ ಬಹಳ, ಮೊದಲ ಸಲಕ್ಕೆ ಆಗದವರೇ ಹೆಚ್ಚು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕನ್ನಡ, ಉರ್ದು ಮಾಧ್ಯಮದಿಂದ ಬಂದವರಿಗೆ ಅದು ಮೊದಲ ಗೋಡೆ. ಪಿಎಚ್.ಡಿ. ಮುಗಿದ ಮೇಲೆ ಕಾಯಂ ಹುದ್ದೆ ಕೂಡಲೇ ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಳನ್ನು ಕಳೆದವರು ಇದ್ದಾರೆ. ಆದರೆ ನೀರಿನ ಕೆಲಸದಲ್ಲಿ ಕಾಲೇಜೊಂದೇ ಬಾಗಿಲಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ, ಕುಡಿಯುವ ನೀರಿನ ಪ್ರಯೋಗಾಲಯಗಳು, ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣ ಘಟಕಗಳು, ಪರಿಸರ ಪರಿಣಾಮ ಅಂದಾಜು ಮಾಡುವ ಸಂಸ್ಥೆಗಳು, ಮೀನು ಮತ್ತು ಸೀಗಡಿ ಸಾಕಣೆ, ಎಲ್ಲ ಕಡೆಯೂ ನೀರನ್ನು ಅಳೆದು ನೋಡಬಲ್ಲವರು ಬೇಕು.

ಆ ಹುಡುಗಿ ಏನಾದಳು ಎಂದು ನೀವು ಕೇಳಬಹುದು. ಬಿ.ಎಸ್ಸಿ. ಮಾಡಿದಳು, ಒಳ್ಳೆಯ ಅಂಕ ಬಂತು. ಮುಂದೇನು ಎಂದು ಅವಳ ಅಬ್ಬಾ ನನ್ನ ಮನೆಗೇ ಬಂದು ಕೇಳಿದರು. “ಎಂ.ಎಸ್ಸಿ. ಮಾಡಿ ಏನು ಮಾಡ್ತಾಳೆ ಭಾಯಿಸಾಬ್, ಬಿ.ಎಡ್. ಮಾಡಿಸಿ” ಎಂದೆ. ಅವರು ನನ್ನ ಮಾತನ್ನು ನಂಬಿದರು. ಅವಳು ಈಗ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ, ಸುಖವಾಗಿದ್ದಾಳೆ. ಎರಡು ವರ್ಷದ ಹಿಂದೆ ಒಂದು ನಿಕಾಹ್‌ನಲ್ಲಿ ಸಿಕ್ಕಾಗ ಹೌಜಿನ ಮೀನಿನ ಮಾತು ತೆಗೆದೆ. ನಗುತ್ತಾ, “ಅದು ಆಕ್ಸಿಜನ್ ಮಿಸ್, ಬಿ.ಎಸ್ಸಿ.ಯಲ್ಲಿ ಓದಿದೆ” ಎಂದಳು. ನನಗೆ ಹೇಳಬೇಕೆಂದು ಅನ್ನಿಸಲಿಲ್ಲವೇ ಎಂದು ಕೇಳಿದೆ. “ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ” ಎಂದಳು.

ದಾನಿಗಳಲ್ಲಿ ಒಂದು ವಿನಂತಿ. ಹುಡುಗರ ಎಂಬಿಬಿಎಸ್ ಫೀಸಿಗೆ ಕೊಡುವ ಕೈಗಳು ನಮ್ಮಲ್ಲಿ ಇವೆ, ಅಲ್ಹಮ್ದುಲಿಲ್ಲಾಹ್. ಈ ದಾರಿಗೆ ಬೇಕಾದ ಹಣ ಅದಕ್ಕಿಂತ ಬಹಳ ಕಡಿಮೆ, ಆದರೆ ಬೇಕಾಗುವ ಹೊತ್ತು ಬೇರೆ. ಎಂ.ಎಸ್ಸಿ.ಯ ಎರಡು ವರ್ಷದ ಫೀಸು ಮತ್ತು ಬಸ್ಸಿನ ಖರ್ಚು ಒಂದು. ಅದಕ್ಕಿಂತ ಮುಖ್ಯ, ಎಂ.ಎಸ್ಸಿ. ಮುಗಿದು ಜೆಆರ್‌ಎಫ್ ಸಿಗುವವರೆಗಿನ ಆರು ತಿಂಗಳೋ ಒಂದು ವರ್ಷವೋ. ಆಗ ಮಗು ವಿದ್ಯಾರ್ಥಿಯೂ ಅಲ್ಲ, ದುಡಿಯುವವರೂ ಅಲ್ಲ. ನಮ್ಮ ಅರ್ಜಿ ನಮೂನೆಯಲ್ಲಿ ಅಂಥವರಿಗೆ ಕಾಲಂ ಕೂಡ ಇಲ್ಲ. ಮನೆಯವರು ಕೆಲಸಕ್ಕೆ ಹೋಗು ಎನ್ನುವುದೂ, ಹುಡುಗಿಯಾದರೆ ಸಂಬಂಧ ನೋಡುವುದೂ ಅದೇ ಹೊತ್ತಿಗೆ. ಪರೀಕ್ಷೆಯ ಶುಲ್ಕ, ಪುಸ್ತಕ, ತಿಂಗಳಿಗೆ ಸ್ವಲ್ಪ ಕೈಖರ್ಚು ಇಷ್ಟನ್ನು ಆ ಅವಧಿಗೆ ಕೊಟ್ಟರೆ ಸಾಕು. ಮೂರನೆಯದು, ಫೆಲೋಶಿಪ್ ಸಿಕ್ಕಿದ ಮೇಲೂ ಮೊದಲ ಹಣ ಕೈಗೆ ಬರಲು ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಇದಕ್ಕೆ ದಾನ ಬೇಡ, ಖರ್ಜ್-ಎ-ಹಸನಾ ಸಾಕು. ಬಂದ ಮೇಲೆ ಹಿಂದಿರುಗಿಸುತ್ತಾರೆ, ಅದೇ ಹಣ ಮುಂದಿನವರಿಗೆ ಹೋಗುತ್ತದೆ. ಝಕಾತ್ ಇದಕ್ಕೆ ಸಲ್ಲುತ್ತದೆಯೇ ಎಂಬುದನ್ನು ಉಲಮಾಗಳಲ್ಲಿ ಕೇಳಬೇಕು, ನನ್ನಂಥವಳು ಹೇಳುವ ಮಾತಲ್ಲ. ಈ ಮೂರು ಸಲಹೆಗಳನ್ನು ಸಮಿತಿಯ ಮುಂದೆ ಇಟ್ಟಿದ್ದೇನೆ.

ಬಿ.ಎಸ್ಸಿ. ಎರಡನೆಯ ಮತ್ತು ಮೂರನೆಯ ವರ್ಷದಲ್ಲಿರುವ ಮಕ್ಕಳು, ನೀಟ್ ಮುಗಿಸಿ ಏನು ಮಾಡುವುದೆಂದು ತಿಳಿಯದೆ ಕೂತಿರುವ ಮಕ್ಕಳು, ಈ ವರ್ಷದ ಅರ್ಜಿ ಕೊಡಲು ಟ್ರಸ್ಟಿನ ಕಚೇರಿಗೆ ಬಂದಾಗ ನನ್ನನ್ನೂ ಕಾಣಿರಿ. ಅಂಕಪಟ್ಟಿ ಮತ್ತು ಜಾತಿ, ಆದಾಯ ಪ್ರಮಾಣಪತ್ರಗಳ ಪ್ರತಿ ತನ್ನಿ. ಅಮ್ಮಿಯನ್ನೋ ಅಬ್ಬಾನನ್ನೋ ಜೊತೆಗೆ ಕರೆದುಕೊಂಡು ಬನ್ನಿ, ಐದು ವರ್ಷದ ಲೆಕ್ಕವನ್ನು ಅವರ ಎದುರಿಗೇ ಕಾಗದದ ಮೇಲೆ ಬರೆದು ತೋರಿಸುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ, ಗೊತ್ತಿಲ್ಲ ಎಂದೇ ಹೇಳಿ, ಮಾನಸಗಂಗೋತ್ರಿಯಲ್ಲಿ ಗೊತ್ತಿರುವವರ ಬಳಿ ಕಳಿಸಿಕೊಡುತ್ತೇನೆ.